ಕಾಣೆಯಾದ ಎಚ್ಚರಿಕೆ (ಕಂತು ಏಳು)

"ಈ ಮೇಲ್ ನನಗೆ ಬಂದೇ ಇಲ್ಲ ಹಿಲ್ಲೆವಿ. ಬೇಕಿದ್ರೆ ನೀವೇ ತೆಗೆದು ನೋಡಿ."

ಪಿಲ್ವಿ ಕೌಪ್ಪಿಲಾ ಇಷ್ಟು ಹೇಳಿ ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು. ತಪ್ಪು ಮಾಡಿದವರು ಹೀಗೆ ತಳ್ಳುವುದಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಕಂಪ್ಯೂಟರಿನ ತಿರುಳಾದ ಈ ಕರ್ನಲ್ಲಿನ ಕೆಲಸದಲ್ಲೇ ಸವೆದವಳು ನಾನು, ಯಾರನ್ನೂ ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ತಪ್ಪು ಇವಳದೇ ಆಗಿರಲಿ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಕೂತು ಜಪ ಮಾಡುತ್ತಿದ್ದರು.

ಹಿರ್ವಿಕೋಸ್ಕಿಯ ಧ್ವನಿ ಭಂಡಾರದಲ್ಲಿ ಜುಲೈ ಬಿರುಗಾಳಿಗೆ ಕರೆಂಟು ಹೋಗಿ, ನದಿಯಲ್ಲಿ ಮರ ತೇಲಿಸುತ್ತಿದ್ದ ಹಳಬರ ಎಂಟುನೂರ ಹನ್ನೆರಡು ಧ್ವನಿಮುದ್ರಣಗಳು ಹಾಳಾಗಿದ್ದವು. ಕರ್ನಲ್ಲಿನ ದಾಖಲೆಯಲ್ಲಿ, ಅಂದರೆ ಬಳಸುವವರು ಓದುವ ಕೈಪಿಡಿಯಲ್ಲಿ, ಇರಬೇಕಿದ್ದ ಒಂದು ಎಚ್ಚರಿಕೆ ಅಲ್ಲಿರಲಿಲ್ಲ. ಆ ದಾಖಲೆಯ ಮೇಲಿದ್ದ ಹೆಸರು ಪಿಲ್ವಿಯದು.

ನಾಳೆ, ಶುಕ್ರವಾರ, ಮಧ್ಯಾಹ್ನ ಹನ್ನೆರಡಕ್ಕೆ ಓಸ್ಮೋ ಲೆಪ್ಪಾಕಾಂಗಾಸ್ ಅವಳ ಹೆಸರನ್ನು ಉಸ್ತುವಾರಿಗಳ ಪಟ್ಟಿಯಿಂದ ಕಿತ್ತುಹಾಕಲಿದ್ದ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ‘ರೌತಾ’ ಎಂಬ ವ್ಯವಸ್ಥೆಗೆ ಅವನೇ ಯಜಮಾನ. ಆ ಪಟ್ಟಿಯಿಂದ ಒಮ್ಮೆ ಹೆಸರು ಹೋದರೆ ಪಿಲ್ವಿಗೆ ಕೆಲಸವೂ ಇಲ್ಲ, ಇನ್ನೊಂದು ಕಡೆ ನಂಬುವವರೂ ಇಲ್ಲ. ಅದಕ್ಕೆ ಮುಂಚೆ ಯಾರು, ಏನು, ಹೇಗೆ ಎಂದು ಅಗೆದು ವರದಿ ಕೊಡುವ ಕೆಲಸ ನನ್ನದು.

ನನ್ನನ್ನೇ ಯಾಕೆ ಕರೆದರು? ಪಿಲ್ವಿಗಿಂತ ಮುಂಚೆ ಹದಿನಾರು ವರ್ಷ ಆ ದಾಖಲೆಗಳ ಉಸ್ತುವಾರಿ ನಾನಾಗಿದ್ದೆ. ಮೂರು ವರ್ಷದ ಹಿಂದೆ ಅವಳು ಬಂದಳು. ನಾನು ಹೊರಗೆ ಬಿದ್ದೆ. ಯಾರೂ ನನ್ನನ್ನು ತಳ್ಳಲಿಲ್ಲ, ಅದೇ ಇನ್ನೂ ಉರಿಯುವ ವಿಷಯ. ಅವಳು ಬರೆದದ್ದನ್ನು ಓದಿದ ಮೇಲೆ ಎಲ್ಲರೂ ಸುಮ್ಮನೆ ಅವಳ ಕಡೆಗೆ ಸರಿದರು.

ನನ್ನ ಗಂಡ ತೌನೋ ಟ್ರಾಮ್ ಓಡಿಸುವವನು. ಕರ್ನಲ್ ಎಂದರೆ ಏನೆಂದು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿದವನಲ್ಲ. ಒಂದು ಭಾನುವಾರ ನನ್ನ ಯಂತ್ರದಲ್ಲಿ ತೆರೆದಿದ್ದ ಪಿಲ್ವಿಯ ಪುಟವನ್ನು ಕಾಫಿ ಕುಡಿಯುತ್ತಾ ಓದಿ, "ಅರೆ, ಇದು ನಂಗೂ ಅರ್ಥ ಆಯ್ತಲ್ಲೇ!" ಎಂದು ನಕ್ಕ. ಆವತ್ತು ನಾನು ಅವನಿಗೆ ಸಾರು ಬಡಿಸಲಿಲ್ಲ.

ಈಗ ಆ ಪಿಲ್ವಿ ನನ್ನೆದುರು, ಹಳೆಯ ಹತ್ತಿ ಗಿರಣಿಯ ಮೂರನೇ ಮಹಡಿಯ ನನ್ನ ಪುಟ್ಟ ಕೋಣೆಯಲ್ಲಿ ಕೂತಿದ್ದಳು. ಮೂವತ್ತನಾಲ್ಕು ವಯಸ್ಸು, ಕೆಂಪು ಸ್ವೆಟರ್, ನಿದ್ದೆಗೆಟ್ಟ ಕಣ್ಣು. ಬರುವಾಗ ಏಲಕ್ಕಿ ಹಾಕಿದ ಬನ್ನು ಮಾಡಿಕೊಂಡು ಬಂದಿದ್ದಳು. ತಿಂದೆ. ಅದೂ ಚೆನ್ನಾಗಿತ್ತು, ಹಾಳಾದ್ದು.

"ಕ್ರಿಸ್ಟರ್ ಕಳಿಸಿದ್ದೀನಿ ಅಂತಾನೆ," ಎಂದೆ. ಡಿಸ್ಕನ್ನು ನಡೆಸುವ ‘ಡ್ರೈವರ್’ ಎಂಬ ಪ್ರೋಗ್ರಾಂ ಬರೆಯುವವನು ಕ್ರಿಸ್ಟರ್. "ಜನವರಿ ಹದಿನಾಲ್ಕನೇ ತಾರೀಕು. 'ನಿನ್ನ ಕರಡಲ್ಲಿ ಎಚ್ಚರಿಕೆ ಇಲ್ಲ, ಹಾಕು' ಅಂತ. ನೀನು ಉತ್ತರಾನೂ ಕೊಟ್ಟಿಲ್ಲ, ಹಾಕ್ಲೂ ಇಲ್ಲ."

"ಬಂದಿದ್ರೆ ತಾನೆ ಉತ್ತರ ಕೊಡೋದು?"

"ಸರಿ. ಮೇಲ್ ಬಿಡು. ಎಚ್ಚರಿಕೆ ತೆಗೆದದ್ದು ಯಾರು? ನೀನಾ?"

ಅವಳು ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಕೆಳಗೆ ಹೊಳೆಯ ಸದ್ದು ಕೇಳುತ್ತಿತ್ತು.

"ಅದೊಂದು ಕೇಳ್ಬೇಡಿ," ಎಂದಳು.

"ಕೇಳೋದೇ ನನ್ನ ಕೆಲಸ ಕಣಮ್ಮ."

"ಗೊತ್ತು. ಆದ್ರೂ ಕೇಳ್ಬೇಡಿ." ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದಳು. ಬಾಗಿಲ ಹತ್ತಿರ ನಿಂತು, "ಹಿರ್ವಿಕೋಸ್ಕಿಯಿಂದ ಒಬ್ರು ಹೆಂಗಸು ನಿನ್ನೆ ಫೋನ್ ಮಾಡಿದ್ರು. ಅವರಪ್ಪನ ದನಿ ಅದರಲ್ಲಿತ್ತಂತೆ. ಹೆಸರಿದೆ, ಒತ್ತಿದ್ರೆ ಏನೂ ಬರಲ್ಲ ಅಂತ ಅತ್ರು," ಎಂದು ಹೇಳಿ ಹೊರಟುಹೋದಳು.

ಅವಳ ಮೌನವನ್ನು ನಾನು ತಪ್ಪೊಪ್ಪಿಗೆ ಎಂದೇ ಓದಿದೆ. ನನಗೆ ಬೇಕಾದ್ದೂ ಅದೇ. ವರದಿಯ ಕರಡು ಆಗಲೇ ಅರ್ಧ ಬರೆದಿಟ್ಟಿದ್ದೆ.

ಅದರಲ್ಲಿ ಒಂದು ಕಡೆ ಚೆನ್ನಾಗಿ ಕುಟುಕಿದ್ದೆ. ರೌತಾದಲ್ಲಿ ‘ನೋವೇಟ್’ ಎಂಬ ಒಂದು ಆಯ್ಕೆಯಿದೆ, ಡಿಸ್ಕಿಗಾಗಿ ಕಾಯಬೇಡ ಎಂದು ಹೇಳುವುದು. ಡಿಸ್ಕ್ "ಬರೆದೆ" ಎಂದ ತಕ್ಷಣ ಅದನ್ನು ನಂಬಿ ಮುಂದಕ್ಕೆ ಹೋಗುವುದು. ಒಳಗೆ ಬ್ಯಾಟರಿ ಇರುವ ಡಿಸ್ಕಾದರೆ ಸರಿ. ಇಲ್ಲದಿದ್ದರೆ ಕರೆಂಟು ಹೋದಾಗ ಎಲ್ಲವೂ ಹೋಯಿತು. ಆ ಆಯ್ಕೆಯ ಮುಂದೆ ದಾಖಲೆಯಲ್ಲಿ ಇದ್ದದ್ದು ಇಷ್ಟೇ: "ವೇಗ ಹೆಚ್ಚುತ್ತದೆ. ಎಲ್ಲ ಡಿಸ್ಕುಗಳಿಗೂ ಸೂಕ್ತ." ಭಂಡಾರದವರು ಅದನ್ನೇ ನಂಬಿ ಹಾಕಿಕೊಂಡರು. ನಾನು ವರದಿಯಲ್ಲಿ ಬರೆದಿದ್ದೆ: "ಇಷ್ಟು ಒಣಕಲಾದ, ಯೋಚನೆಯಿಲ್ಲದ ವಾಕ್ಯ ಬರೆದವರಿಗೆ ದಾಖಲೆಯ ಜವಾಬ್ದಾರಿ ಕೊಟ್ಟದ್ದೇ ತಪ್ಪು." ಬರೆದು ಎರಡು ಸಲ ಓದಿ ಖುಷಿಪಟ್ಟಿದ್ದೆ.

ವರದಿಗೆ ಪುರಾವೆಯಾಗಿ ಕ್ರಿಸ್ಟರನ ಮೇಲನ್ನು ಲಗತ್ತಿಸಬೇಕಿತ್ತು. ಓಸ್ಮೋ ಅದನ್ನು ತಲೆಬರಹದ ಸಮೇತ ಹಾಗೇ ಕಳಿಸಿದ್ದ. ತಾರೀಕಿನ ಸಾಲನ್ನು ನಕಲು ಮಾಡುವಾಗ ಕಣ್ಣು ಅಲ್ಲೇ ನಿಂತಿತು.

ಜನವರಿ 14. ಬೆಳಿಗ್ಗೆ 9:12. ಅದರ ಪಕ್ಕದಲ್ಲಿ, +0300.

ಪ್ರತಿ ಮೇಲಿನಲ್ಲೂ ಕಳಿಸಿದವರ ಗಡಿಯಾರ ಗ್ರೀನಿಚ್‌ಗಿಂತ ಎಷ್ಟು ಗಂಟೆ ಮುಂದಿದೆ ಎಂದು ಯಂತ್ರವೇ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಚಳಿಗಾಲದಲ್ಲಿ ಎರಡು ಗಂಟೆ. ಮಾರ್ಚ್ ಕೊನೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿದ ಮೇಲೆ ಮೂರು. ಜನವರಿಯಲ್ಲಿ, ಹೊರಗೆ ಇಪ್ಪತ್ತು ಡಿಗ್ರಿ ಮೈನಸ್ಸಿನಲ್ಲಿ, ನಮ್ಮ ಈ ತಾಂಪೆರೆ ಊರಲ್ಲಿ ಕೂತ ಯಾರ ಯಂತ್ರವೂ ಮೂರು ಎಂದು ಬರೆಯುವುದಿಲ್ಲ.

ಬೇಸಿಗೆಯಲ್ಲಿ ಕೂತು ಜನವರಿಯ ಮೇಲನ್ನು ಕೈಯಾರೆ ಟೈಪು ಮಾಡಿದವರು ಮಾತ್ರ ಹಾಗೆ ಬರೆಯುತ್ತಾರೆ.

ಅದನ್ನು ಕಂಡ ಮೇಲೂ ನಾನು ಅರ್ಧ ಗಂಟೆ ಏನೂ ಮಾಡದೆ ಕೂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ +0300 ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಬೀಳುವಂತೆಯೂ ಇರಲಿಲ್ಲ. ನಾಳೆ ಹನ್ನೆರಡಕ್ಕೆ ಪಿಲ್ವಿ ಹೋಗುತ್ತಿದ್ದಳು. ಎಂಥ ಕೆಟ್ಟ ಹೆಂಗಸು ನಾನು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಕೊನೆಗೆ ನನ್ನನ್ನು ಎಬ್ಬಿಸಿದ್ದು ಒಳ್ಳೆಯತನವಲ್ಲ. ಒಬ್ಬ ಡ್ರೈವರ್ ಬರೆಯುವವನು ಇಂಥ ಹುಡುಗಾಟದ ಸುಳ್ಳನ್ನು ನನ್ನ ಮೂಗಿನ ಕೆಳಗೆ ದಾಟಿಸಲು ನೋಡಿದನಲ್ಲಾ ಎಂಬ ಸಿಟ್ಟು.

* * *

ಶುಕ್ರವಾರ ಬೆಳಿಗ್ಗೆ ಕ್ರಿಸ್ಟರ್ ನೂರ್ದ್‌ಮಾನ್ ಎಲ್ಲಿರುತ್ತಾನೆ ಎಂದು ಊರಿಗೇ ಗೊತ್ತು. ತಮ್ಮೆಲಾ ಸಂತೆಯ ಕಪ್ಪು ಸಾಸೇಜಿನ ಗಾಡಿಯ ಮುಂದೆ. ಹತ್ತು ಗಂಟೆಗೆ ಹೋದಾಗ ಕಾಗದದ ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದ. ಪಕ್ಕದಲ್ಲಿ ಹಾಲಿನ ಲೋಟ. ತಟ್ಟೆಯ ತುದಿಯಲ್ಲಿ ಕೆಂಪು ಲಿಂಗನ್‌ಬೆರಿ ಜಾಮು.

ಐವತ್ತರ ಆಸುಪಾಸು, ಒಣಗಿದ ಮೈ. ಡಿಸ್ಕಿಗೂ ಕರ್ನಲ್ಲಿಗೂ ನಡುವೆ ಮಾತು ಸಾಗಿಸುವ ಡ್ರೈವರ್ ಇವನದು. ಒಳ್ಳೆಯ ಕೆಲಸಗಾರ, ಅದನ್ನು ಇಲ್ಲ ಎನ್ನಲಾರೆ.

"ಏನ್ ಹಿಲ್ಲೆವಿ, ಬೆಳಬೆಳಗ್ಗೇನೇ ಬೇಟೆಗೆ ಹೊರಟೆಯಾ?"

"ಹೊರಟೆ. ಜನವರೀಲಿ ನಿನ್ನ ಗಡಿಯಾರ ಕೆಟ್ಟಿತ್ತಾ ಕ್ರಿಸ್ಟರ್?"

"ಯಾಕೆ?"

"ಪಿಲ್ವಿಗೆ ಕಳಿಸಿದೆ ಅಂತೀಯಲ್ಲ, ಆ ಮೇಲಲ್ಲಿ ಬೇಸಿಗೆ ಟೈಮಿದೆ."

ಅವನ ದವಡೆ ನಿಂತಿತು. ಮತ್ತೆ ಆಡಿತು. "ಆವಾಗ ನಾನು ಇಸ್ತಾಂಬುಲ್‌ನಲ್ಲಿದ್ದೆ. ಅಲ್ಲಿ ವರ್ಷಪೂರ್ತಿ ಮೂರೇ."

"ಹೌದಾ? ಪಾಪ. ಅದೇ ದಿನ, ಸರಿಯಾಗಿ ಇಪ್ಪತ್ತೆಂಟು ನಿಮಿಷ ಬಿಟ್ಟು, ಎಲ್ಲರೂ ಓದೋ ಮೇಲ್ ಪಟ್ಟಿಗೆ ಒಂದು ಮೇಲ್ ಹಾಕಿದ್ದೀಯ. ಅದರಲ್ಲಿ ಎರಡಿದೆ. ಇಪ್ಪತ್ತೆಂಟು ನಿಮಿಷಕ್ಕೆ ಇಸ್ತಾಂಬುಲ್‌ನಿಂದ ಇಲ್ಲಿಗೆ ಬಂದೆಯಾ? ನನ್ನ ಗಂಡನ ಟ್ರಾಮಿಗೂ ಅಷ್ಟು ಓಟ ಇಲ್ಲಪ್ಪಾ."

ಗಾಡಿಯವಳು ನಮ್ಮಿಬ್ಬರ ಮುಖ ನೋಡಿ ಇನ್ನೊಂದು ಗಿರಾಕಿಯ ಕಡೆ ತಿರುಗಿದಳು. ಕ್ರಿಸ್ಟರ್ ತಟ್ಟೆಯನ್ನು ಕೆಳಗಿಟ್ಟ. ಹಾಲನ್ನು ಒಂದೇ ಗುಟುಕಿಗೆ ಕುಡಿದ.

"ಜುಲೈನಲ್ಲಿ ಬರೆದೆ," ಎಂದ. "ಭಂಡಾರದ ಸುದ್ದಿ ಬಂದ ಮಾರನೇ ದಿನ."

ಇಷ್ಟು ಬೇಗ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಜೇಬಿನಲ್ಲಿ ಇನ್ನೂ ನಾಲ್ಕು ಪ್ರಶ್ನೆಗಳಿದ್ದವು, ವ್ಯರ್ಥವಾದವು.

"ಯಾಕೋ?"

"ಯಾಕಾ? ದಾಖಲೆ ಬದಲಾಯಿಸೋಕೆ ಪಿಲ್ವಿ ಕಳಿಸಿದ ಪ್ಯಾಚಿನ ಕೆಳಗೆ 'ಪರಿಶೀಲಿಸಿದ್ದೇನೆ' ಅಂತ ನನ್ನ ಸಹಿ ಇದೆ. ನಾನು ಓದ್ಲೇ ಇಲ್ಲ ಹಿಲ್ಲೆವಿ. ಒಂದು ಸಾಲೂ ಓದ್ಲಿಲ್ಲ. ಅದು ಗೊತ್ತಾದ್ರೆ ನನ್ನ ಹೆಸರೂ ಉಸ್ತುವಾರಿ ಪಟ್ಟಿಯಿಂದ ಹೋಗುತ್ತೆ. ಮೊದಲೇ ಎಚ್ಚರಿಸಿದ್ದೆ ಅಂತ ಒಂದು ಮೇಲ್ ಇದ್ರೆ ನಾನು ಬಚಾವ್."

"ಅವಳು ಹಾಳಾಗಿ ಹೋಗ್ಲಿ."

"ಹಾಳಾಗಿ ಹೋಗ್ಲಿ!" ಅವನ ದನಿ ಇದ್ದಕ್ಕಿದ್ದಂತೆ ಏರಿತು. "ಹನ್ನೊಂದು ವರ್ಷ ಆ ಡ್ರೈವರಿಗೆ ಸುರಿದಿದ್ದೀನಿ. ಹೋದ ವರ್ಷ ಪ್ರಾಗ್ ಸಮ್ಮೇಳನದಲ್ಲಿ ಒಬ್ಬ ಚಿಗುರುಮೀಸೆಯವನು ಬಂದು ಕೈ ಕುಲುಕಿ ಏನಂದ ಗೊತ್ತಾ? 'ಓ, ಪಿಲ್ವಿ ಅವರ ಡ್ರೈವರ್ ಅಲ್ವಾ ಸರ್, ಅದರಲ್ಲಿ ನೀವೂ ಕೆಲಸ ಮಾಡ್ತೀರಾ?' ನೀವೂ! ಅವಳು ಅದರ ಬಗ್ಗೆ ಎರಡು ಪುಟ ಬರೆದಳು ಅಷ್ಟೆ. ಎರಡೇ ಪುಟ!"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ನೋವು ನನಗೆ ಅಂಗೈಯಷ್ಟು ಪರಿಚಿತ. ಬೇರೆ ಯಾವ ದಿನವಾಗಿದ್ದರೂ ಇವನನ್ನು ಕರೆದುಕೊಂಡು ಹೋಗಿ ಕೂರಿಸಿ, ನಾವಿಬ್ಬರೂ ಸಂಜೆಯವರೆಗೂ ಪಿಲ್ವಿಯನ್ನು ಬೈಯುತ್ತಿದ್ದೆವು.

"ಆಯ್ತು. ಎಚ್ಚರಿಕೆ ತೆಗೆದದ್ದೂ ನೀನೇನಾ?"

"ಓದದೇ ಇರೋನು ಹೆಂಗೆ ತೆಗೀಲಿ?"

"ಓದದೇ ಸಹಿ ಹಾಕ್ತಾರಾ ಯಾರಾದ್ರೂ? ನಾಚಿಕೆ ಆಗಲ್ವಾ?"

ಅವನು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ನನ್ನನ್ನು ನೋಡಿದ. ಕಣ್ಣಿನಲ್ಲಿ ಒಂದು ತರಹದ ಹೊಳಪು ಬಂತು, ನನಗೆ ಹಿಡಿಸದ ಹೊಳಪು.

"ಡ್ರೈವರಿನ ಕೋಡಾದ್ರೆ ಅಕ್ಷರ ಅಕ್ಷರ ಓದ್ತೀವಿ. ದಾಖಲೆನ ಯಾರು ಓದ್ತಾರೆ? ನೀನು ಓದಿದೆಯಾ?"

"ಕರ್ನಲ್ಲಿಗೆ ಸೇರಿರೋ ಪುಟಾನ ನೂರು ಸಲ ಓದಿದ್ದೀನಿ."

"ಸೇರಿರೋದಲ್ಲ. ಅವಳು ಫೆಬ್ರವರೀಲಿ ಮೇಲ್ ಪಟ್ಟಿಗೆ ಕಳಿಸಿದ ಮೂಲ ಮೇಲ್. ಅದನ್ನ ಓದಿದೆಯಾ?"

ಪಿಲ್ವಿ ಪಟ್ಟಿಗೆ ಕಳಿಸುವ ಮೇಲುಗಳನ್ನು ನಾನು ಮೂರು ವರ್ಷದಿಂದ ಪೂರ್ತಿ ಓದಿಲ್ಲ. ಮೊದಲ ಎರಡು ವಾಕ್ಯಕ್ಕೇ ಎದೆ ಉರಿಯುತ್ತದೆ, ಮುಚ್ಚಿಬಿಡುತ್ತೇನೆ.

"ನಾನೂ ಓದಿದ್ದು ಹೋದ ವಾರವೇ. ಕಳಿಸಿದ್ದು ಬೇರೆ, ಸೇರಿದ್ದು ಬೇರೆ," ಎಂದ ಕ್ರಿಸ್ಟರ್. "ನಡುವೆ ಒಬ್ಬರು ಇರ್ತಾರಲ್ಲ, ಸೇರಿಸೋರು. ಮಾರ್ಚ್‌ನಲ್ಲಿ ಪಿಲ್ವಿ ಮಂಜಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡು ಆರು ವಾರ ಮನೇಲಿದ್ಳು. ಆವಾಗ ಅವಳ ಜಾಗದಲ್ಲಿ ಕೂತು ಎಲ್ಲ ಪ್ಯಾಚುಗಳನ್ನ ಸೇರಿಸ್ತಿದ್ದೋರು ಯಾರು? ನನಗೆ ಮರೆತುಹೋಗಿದೆ. ನಿನಗೆ ನೆನಪಿದೆಯಾ?"

ನೆನಪಿತ್ತು. ನಾನೇ.

ಅದೇನು ಗುಟ್ಟಿನ ವಿಷಯವಲ್ಲ. ಪ್ಯಾಚಿನ ಕಟ್ಟಕಡೆಯಲ್ಲಿ ಸೇರಿಸಿದವರ ಸಹಿ ಇರುತ್ತದೆ, ಅಲ್ಲಿ ನನ್ನ ಹೆಸರಿದೆ, ಎಲ್ಲರೂ ನೋಡಿದ್ದಾರೆ. ಆದರೆ ಆ ಸಹಿಯನ್ನು ಅಂಚೆ ಕಚೇರಿಯ ಮುದ್ರೆಯಂತೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೇರಿಸುವವರು ಒಂದು ಅಕ್ಷರ ಬದಲಿಸಿದರೂ ಚೌಕ ಆವರಣದಲ್ಲಿ ತಮ್ಮ ಹೆಸರು ಹಾಕಿ, ಏನು ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು. ಇದು ನಮ್ಮಲ್ಲಿ ಕಟ್ಟಳೆ. ಅಂಥ ಸಾಲು ಅಲ್ಲಿರಲಿಲ್ಲ. ಹಾಗಾಗಿ ಬಂದದ್ದು ಬಂದಂತೆಯೇ ಸೇರಿದೆ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ನಾನು.

"ನಾನು ಏನೂ ಬದಲಾಯಿಸಿಲ್ಲ," ಎಂದೆ.

"ಹಂಗಾದ್ರೆ ಓದೋಕೆ ಭಯ ಯಾಕೆ?" ಕ್ರಿಸ್ಟರ್ ಉಳಿದಿದ್ದ ಸಾಸೇಜಿನ ತುಂಡನ್ನು ಜಾಮಿಗೆ ಒತ್ತಿ ಬಾಯಿಗಿಟ್ಟ. "ಹೋಗು ತಾಯಿ, ಹನ್ನೆರಡಾಗುತ್ತೆ."

* * *

ರೈಲು ನಿಲ್ದಾಣದ ಕೆಳಗಿನ ದಾರಿಯಲ್ಲಿ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಆ ಮೇಲನ್ನು ತೆರೆದೆ. ಫೆಬ್ರವರಿ 26. ಇವತ್ತಿಗೂ ಎಲ್ಲರಿಗೂ ಕಾಣುವಂತೆ ಪಟ್ಟಿಯಲ್ಲೇ ಕೂತಿದೆ. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಯಾರೂ ಹೋಗಿ ನೋಡಿರಲಿಲ್ಲ, ಅಷ್ಟೆ.

ಮೊದಲ ಎರಡು ವಾಕ್ಯಕ್ಕೆ ಎಂದಿನಂತೆ ಎದೆ ಉರಿಯಿತು. ಹಲ್ಲು ಕಚ್ಚಿಕೊಂಡು ಮುಂದೆ ಓದಿದೆ. ಆಯ್ಕೆಗಳ ಕೋಷ್ಟಕ ಬಂತು. ನೋವೇಟ್ ಬಂತು.

"ಇದನ್ನು ಹಾಕಿದರೆ ರೌತಾ ಡಿಸ್ಕಿನ ಮಾತನ್ನು ನಂಬುತ್ತದೆ. ಡಿಸ್ಕಿನಲ್ಲಿ ಬ್ಯಾಟರಿ ಇಲ್ಲದಿದ್ದರೆ ನೀವು ನಂಬಬೇಡಿ. ಕರೆಂಟು ಹೋದರೆ ಫೈಲಿನ ಹೆಸರು ಉಳಿಯುತ್ತದೆ, ಒಳಗಿರುವುದು ಉಳಿಯುವುದಿಲ್ಲ."

ಇತ್ತು. ಎಚ್ಚರಿಕೆ ಇತ್ತು. ಹಿರ್ವಿಕೋಸ್ಕಿಯಲ್ಲಿ ಏನಾಯಿತೋ ಅದನ್ನೇ ಐದು ತಿಂಗಳ ಮುಂಚೆ ಮೂರು ವಾಕ್ಯದಲ್ಲಿ ಬರೆದಿಟ್ಟಿದ್ದಳು. ಅಯ್ಯೋ, ಎಷ್ಟು ಚೆನ್ನಾಗಿ ಬರೆದಿದ್ದಾಳೆ! ನಾನಾಗಿದ್ದರೆ ಒಂದು ಇಡೀ ಪುಟ ಹಿಡಿಯುತ್ತಿತ್ತು, ಕೊನೆಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ಮೊದಲು ಹೊಳೆದದ್ದು ಇದೇ. ಭಯ ಆಮೇಲೆ ಬಂತು.

ಹೆಮೀನ್‌ಕಾತು ಬೀದಿಯಲ್ಲಿ ಓಡಿದೆ. ಐವತ್ತೇಳರ ಹೆಂಗಸು ಹಾಡಹಗಲಲ್ಲಿ ಓಡುವುದನ್ನು ಕಂಡು ಜನ ದಾರಿ ಬಿಟ್ಟರು. ಸೇತುವೆ ದಾಟಿ, ಗಿರಣಿಯ ಮೂರು ಮಹಡಿ ಹತ್ತಿ, ಯಂತ್ರದ ಮುಂದೆ ಕೂತಾಗ ಹನ್ನೊಂದೂ ಇಪ್ಪತ್ತು.

ಪ್ಯಾಚುಗಳನ್ನು ಸೇರಿಸುವಾಗ ನಮ್ಮ ಯಂತ್ರಗಳು ಪ್ರತಿ ಹೆಜ್ಜೆಯನ್ನೂ ತಮ್ಮಷ್ಟಕ್ಕೆ ಬರೆದಿಟ್ಟುಕೊಳ್ಳುತ್ತವೆ. ಮಾರ್ಚ್ 9ರ ಜಾಡು ತೆಗೆದೆ. ಆವತ್ತು ಒಂದೇ ಮಧ್ಯಾಹ್ನ ನಲವತ್ತಮೂರು ಪ್ಯಾಚು ಸೇರಿಸಿದ್ದೆ. ಮೂವತ್ತೊಂದನೆಯದು ಪಿಲ್ವಿಯದು. ಅದು ಒಂದು ಕಡೆ ಕೂರಲಿಲ್ಲ. ಅದೇ ಜಾಗದಲ್ಲಿ ಬೇರೆ ಯಾರೋ ಒಂದು ಸಣ್ಣ ತಿದ್ದುಪಡಿ ಮೊದಲೇ ಸೇರಿಸಿದ್ದರಿಂದ ಎರಡೂ ಡಿಕ್ಕಿ ಹೊಡೆದಿದ್ದವು. ಹಾಗಾದಾಗ ಯಂತ್ರ ನಿಂತು ಕೇಳುತ್ತದೆ: ಹಳೆಯದು ಇಡಲೋ, ಹೊಸದು ಇಡಲೋ?

ಅದರಲ್ಲಿ ಹೊಸದು, ಪಿಲ್ವಿಯ ಆ ಮೂರು ವಾಕ್ಯ.

ಅದರಲ್ಲಿ ಹಳೆಯದು, "ವೇಗ ಹೆಚ್ಚುತ್ತದೆ. ಎಲ್ಲ ಡಿಸ್ಕುಗಳಿಗೂ ಸೂಕ್ತ."

ನನ್ನ ವಾಕ್ಯ. ಒಂಬತ್ತು ವರ್ಷದ ಹಿಂದೆ ನಾನೇ ಬರೆದದ್ದು. ಆಗ ರೌತಾ ಬ್ಯಾಟರಿ ಇಲ್ಲದ ಡಿಸ್ಕನ್ನು ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ, ಆ ಮಾತು ನಿಜವಾಗಿತ್ತು. ಆಮೇಲೆ ಓಸ್ಮೋ ಎಲ್ಲ ಡಿಸ್ಕುಗಳಿಗೂ ಬಾಗಿಲು ತೆರೆದ. ಅದಕ್ಕೇ ಪಿಲ್ವಿ ಹೊಸದಾಗಿ ಬರೆದಿದ್ದಳು.

ಆ ಮಧ್ಯಾಹ್ನ ನೆನಪಾಯಿತು. ಎರಡು ವಾಕ್ಯಗಳು ಮೇಲೆ ಕೆಳಗೆ ಕಂಡದ್ದು, ನನ್ನದನ್ನು ಅಳಿಸಿ ಅವಳದನ್ನು ಇಡಬೇಕಾಗಿ ಬಂದದ್ದು. ದಾಖಲೆಯ ಬೇರೆ ಎಲ್ಲ ಸಾಲೂ ಆಗಲೇ ಅವಳದಾಗಿತ್ತು. ಇದೊಂದಾದರೂ ನನ್ನದು ಇರಲಿ ಅನ್ನಿಸಿತು. ಏನು ಹೇಳುತ್ತದೆ ಎಂದು ನೋಡಲೇ ಇಲ್ಲ. ಹಳೆಯದು ಎಂದು ಒತ್ತಿದೆ. ಆವರಣದ ಸಾಲೂ ಬರೆಯಲಿಲ್ಲ, ಇನ್ನೂ ಹನ್ನೆರಡು ಪ್ಯಾಚು ಬಾಕಿಯಿದ್ದವು. ಇಡೀ ಪುಟ ಹೊಸ ಫೈಲಿನಲ್ಲಿ ಅವಳ ಹೆಸರಲ್ಲೇ ಸೇರಿದ್ದರಿಂದ, ನನ್ನ ವಾಕ್ಯದ ಮೇಲೂ ಅವಳ ಹೆಸರೇ ಕೂತಿತು.

ಒಣಕಲಾದ, ಯೋಚನೆಯಿಲ್ಲದ ವಾಕ್ಯ. ಬರೆದವರಿಗೆ ಜವಾಬ್ದಾರಿ ಕೊಟ್ಟದ್ದೇ ತಪ್ಪು. ನನ್ನ ವರದಿ ಪಕ್ಕದ ಕಿಟಕಿಯಲ್ಲಿ ತೆರೆದೇ ಇತ್ತು. ಮೂರು ವಾರ ಆ ವಾಕ್ಯವನ್ನು ಓದಿದ್ದೇನೆ, ಕುಹಕವಾಡಿದ್ದೇನೆ, ಗಂಡನಿಗೂ ಓದಿ ಹೇಳಿದ್ದೇನೆ. ನನ್ನದೆಂದು ಗುರುತೇ ಸಿಗಲಿಲ್ಲವಲ್ಲ!

ಪಿಲ್ವಿಗೆ ಸಿಕ್ಕಿರಬೇಕು. ಮೊದಲ ದಿನವೇ ಸಿಕ್ಕಿರಬೇಕು. ತಾನು ಬರೆದದ್ದು ಏನೆಂದು ಅವಳಿಗೆ ಗೊತ್ತಿಲ್ಲವೇ? ಅದಕ್ಕೇ ನಿನ್ನೆ ಅಷ್ಟು ಹೊತ್ತು ನನ್ನ ಮುಖ ನೋಡಿದ್ದು.

ಹನ್ನೊಂದೂ ಮೂವತ್ತೈದು. ಹೊಸ ವರದಿ ತೆರೆದೆ. ಎರಡು ದಾರಿ ಇದ್ದವು. ಒಂದು, ನಡೆದದ್ದನ್ನು ನಡೆದಂತೆ ಬರೆಯುವುದು. ಇನ್ನೊಂದು ಬಹಳ ಸಲೀಸು. ಸುಳ್ಳು ಮೇಲ್ ಬರೆದ ಕ್ರಿಸ್ಟರ್ ಕೈಗೆ ಸಿಕ್ಕಿದ್ದ. ಒಂದು ಸುಳ್ಳು ಬರೆದವನು ಇನ್ನೊಂದೂ ಮಾಡಿರಬಹುದು ಎಂದು ಸೂಚಿಸಿದರೆ ಸಾಕು, ಪಿಲ್ವಿಯೂ ಉಳಿಯುತ್ತಿದ್ದಳು, ನಾನೂ ಉಳಿಯುತ್ತಿದ್ದೆ. ಬೆರಳು ಕೀಲಿಗಳ ಮೇಲೆ ಇಟ್ಟು ಹತ್ತು ನಿಮಿಷ ಕೂತೆ. "ಮಾರ್ಚ್ 9ರಂದು" ಎಂದು ಬರೆದೆ. ಅಳಿಸಿದೆ. "ಕ್ರಿಸ್ಟರ್ ನೂರ್ದ್‌ಮಾನ್" ಎಂದು ಬರೆದೆ. ಅದನ್ನೂ ಅಳಿಸಿದೆ. ಮತ್ತೆ "ಮಾರ್ಚ್ 9ರಂದು, ನಾನು" ಎಂದು ಬರೆದೆ. ಈ ಸಲ ಅಳಿಸಲಿಲ್ಲ.

ಹನ್ನೊಂದೂ ನಲವತ್ತೆಂಟಕ್ಕೆ ಫೋನು ಬಡಿದುಕೊಂಡಿತು. ಓಸ್ಮೋ.

"ಹಿಲ್ಲೆವಿ, ಕೈ ತೊಳ್ಕೋ. ಮುಗೀತು ಕೆಲಸ."

"ಏನು ಮುಗೀತು?"

"ಪಿಲ್ವಿ ಒಪ್ಕೊಂಡ್ಳು. ಈಗ ತಾನೇ ಮೇಲ್ ಮಾಡಿದ್ದಾಳೆ. ಓದ್ಲಾ?" ಉತ್ತರಕ್ಕೆ ಕಾಯದೆ ತನ್ನ ಗೊಗ್ಗರು ದನಿಯಲ್ಲಿ ಓದಿದ. "'ನೋವೇಟ್ ಎಚ್ಚರಿಕೆಯನ್ನು ನಾನೇ ತೆಗೆದದ್ದು. ಪಟ್ಟಿಗೆ ಕಳಿಸಿದ ಮೇಲೆ, ಪುಟ ಉದ್ದವಾಯಿತು ಅನ್ನಿಸಿ, ಸೇರಿಸುವವರಿಗೆ ಹೇಳಿ ಹಳೆಯ ವಾಕ್ಯವನ್ನೇ ಇಡಿಸಿದೆ. ಇನ್ನು ಯಾರನ್ನೂ ಪ್ರಶ್ನಿಸುವ ಅಗತ್ಯವಿಲ್ಲ.' ಇಷ್ಟೆ. ನೋಡು, ಮರ್ಯಾದಸ್ಥೆ. ಕೊನೇ ಗಳಿಗೇಲಾದ್ರೂ ಬಾಯಿ ಬಿಟ್ಳು."

ಹಳೆಯದನ್ನು ಇಡು ಎಂದು ಅವಳು ನನಗೆ ಹೇಳಲಿಲ್ಲ. ಯಾವತ್ತೂ ಏನೂ ಹೇಳಲಿಲ್ಲ. ಆ ಆರು ವಾರ ನಾವಿಬ್ಬರೂ ಒಂದೇ ಒಂದು ಮಾತಾಡಿರಲಿಲ್ಲ.

"ಇನ್ನೊಂದಿದೆ," ಎಂದ ಓಸ್ಮೋ. "ನಿನ್ನ ಮೇಲ್ ನೋಡು. ಹನ್ನೆರಡಕ್ಕೆ ಮೇಲ್ ಪಟ್ಟಿಗೆ ಕಳಿಸ್ತೀನಿ. ಅದಕ್ಕೆ ಮುಂಚೆ ನೀನು 'ಒಪ್ಪಿಗೆ' ಅಂತ ಒಂದು ಸಾಲು ಹಾಕ್ಬೇಕು."

ನೋಡಿದೆ. ಉಸ್ತುವಾರಿಗಳ ಪಟ್ಟಿಗೆ ಅವನು ಬರೆದ ಪ್ಯಾಚು. ಎರಡೇ ಸಾಲು.

− ಪಿಲ್ವಿ ಕೌಪ್ಪಿಲಾ

+ ಹಿಲ್ಲೆವಿ ರಾಸ್ತಾಸ್

"ಅವಳೇ ನಿನ್ನ ಹೆಸರು ಹೇಳಿದ್ದು. 'ಅವರಷ್ಟು ಈ ದಾಖಲೆಗಳನ್ನು ಪ್ರೀತಿಸಿದವರು ಬೇರೆ ಯಾರೂ ಇಲ್ಲ' ಅಂತ ಬರೆದಿದ್ದಾಳೆ. ಏನು, ಖುಷಿ ಆಗ್ಲಿಲ್ವಾ? ಮೂರು ವರ್ಷದಿಂದ ಇದಕ್ಕೇ ತಾನೇ ಬಾಯಿ ಬಿಡ್ತಿದ್ದೆ!"

ಮೂರು ವರ್ಷ ನಾನು ರಾತ್ರಿ ಹಗಲು ಬೇಡಿಕೊಂಡದ್ದು ಕಣ್ಣೆದುರಿಗಿತ್ತು. ಅವಳ ಹೆಸರಿನ ಮುಂದೆ ಕಳೆಯುವ ಗೆರೆ, ನನ್ನ ಹೆಸರಿನ ಮುಂದೆ ಕೂಡುವ ಗುರುತು. ಒಂದು ಪದ ಟೈಪು ಮಾಡಿದರೆ ನನ್ನದು. ನಾನು ಮಾಡಿದ ತಪ್ಪನ್ನು ಅವಳು ತಲೆ ಮೇಲೆ ಹೊತ್ತುಕೊಂಡು, ಕುರ್ಚಿಯನ್ನೂ ಒರೆಸಿ ನನಗೆ ಬಿಟ್ಟುಕೊಟ್ಟು ಹೋಗುತ್ತಿದ್ದಳು. ಯಾಕೆ? ನಾನು ಅವಳಿಗೆ ಏನು? ಒಂದು ಒಳ್ಳೆಯ ಮಾತೂ ಆಡಿದವಳಲ್ಲ. ಮತ್ತೆ ಅದೇ ಹೊಟ್ಟೆಕಿಚ್ಚು ಭಗ್ಗೆಂದಿತು, ಹಿಂದೆಂದೂ ಇಲ್ಲದಷ್ಟು. ಇದರಲ್ಲೂ ಅವಳೇ ನನಗಿಂತ ಮೇಲೆ! ನನ್ನ ತಪ್ಪನ್ನು ಕೂಡ ನನಗೆ ಬಿಡಲಿಲ್ಲ.

"ಅವಳು ಸುಳ್ಳು ಹೇಳ್ತಿದ್ದಾಳೆ," ಎಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ಕೇಳಿಸಿತು.

ಓಸ್ಮೋ ಕುರ್ಚಿಯಿಂದ ಎದ್ದದ್ದು, ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಮತ್ತೆ ಮಾತಾಡಿದಾಗ ಅವನ ದನಿ ಬೇರೆಯಾಗಿತ್ತು.

"ಅದು ನಿನಗೆ ಹೇಗೆ ಗೊತ್ತು, ಹಿಲ್ಲೆವಿ?"